ನಾಲ್ಕರ ಕಾಲು

ಜೂನ್ ಚಳಿ. ಬ್ಯೂನಸ್ ಐರಿಸ್, ಲಿಬೆರ್ತಾದ್ ಬೀದಿ, ಎರಡನೇ ಮಹಡಿ.
ಲಿಫ್ಟು ಕೆಟ್ಟಿತ್ತು. ಆಕೆ ಮೆಟ್ಟಿಲು ಹತ್ತಿಯೇ ಬಂದಳು,
ಏದುಸಿರು ಇಳಿಯುವ ಮೊದಲೇ
ಕರ್ಚೀಫಿನ ಗಂಟು ಬಿಚ್ಚಿದಳು.
ಹೆಸರು ನೆಲಿದಾ ಇಚಾಸೊ. ಗಡಿಯಾರ ಅಪ್ಪನದು.
'ರೇಸಿನ ಮೈದಾನದಲ್ಲಿ ಹೊತ್ತು ಅಳೆಯುತ್ತಿದ್ದ.
ಕುದುರೆಗಿಂತ ಮುಂಚೆ ಅವನ ಹೆಬ್ಬೆರಳು ಓಡುತ್ತಿತ್ತು.'

ಜಿನೀವಾದ ಹರಾಜಿನವನೊಬ್ಬ ಕೇಳುತ್ತಿದ್ದಾನಂತೆ:
ಅಸಲಿಯಾದರೆ ಒಂದು ಮನೆಯ ಬೆಲೆ,
ಅಲ್ಲವಾದರೆ ಮಾತೇ ಇಲ್ಲ.
'ನೀವು ಬರೆದುಕೊಡಿ, ಸೆಮೆರ್ಜಿಯಾನ್.
ನಿಮ್ಮ ಮಾತಿಗೆ ಅಲ್ಲಿ ತೂಕ.'

ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡೆ.

ಬೆನ್ನು ಮೊದಲು. ಮುಖ ಯಾವತ್ತೂ ಕಡೆಗೆ;
ಸುಳ್ಳು ಹೇಳಲು ಮುಖ ಬೇಗ ಕಲಿಯುತ್ತದೆ.
ಮುಚ್ಚಳ ತಿರುವಿದರೆ ಕಮಟು ಎಣ್ಣೆಯ ವಾಸನೆ,
ಒಳಮೈಯಲ್ಲಿ ರಿಪೇರಿಯವರು ಸೂಜಿಯಿಂದ ಗೀಚಿದ್ದು:
ಒಂದು ತಾರೀಖು, ಒಂದು ಅಕ್ಷರ, ಮತ್ತೊಂದು ತಾರೀಖು,
ವೈದ್ಯರು ಬಂದು ಹೋದ ಲೆಕ್ಕ.
ಹದಿನೇಳು ಕೆಂಪು ಕಲ್ಲು, ಎಣಿಸಿದೆ.
ನಡುವೆ ಆರು ಕಂಬದ ಸಾಸಿವೆಯಷ್ಟು ಮಂಟಪ;
ಗುಂಡಿ ಒತ್ತಿದರೆ ಒಣಕಡ್ಡಿ ಮುರಿದ ಸದ್ದು,
ಮಂಟಪ ಒಂದು ಹೆಜ್ಜೆ ತಿರುಗುತ್ತದೆ.
ಯಂತ್ರ, ಕವಚ ಎರಡೂ ಒಂದೇ ವರ್ಷದ ಬೆಳೆ.
ಮೇಲಿನ ಗುಂಡಿ ಮಾತ್ರ ಬೇರೆ ಮನೆಯಿಂದ ಬಂದದ್ದು.
ಬರಲಿ. ಆ ಹೆಬ್ಬೆರಳಿಗೆ
ಒಂದು ಗುಂಡಿ ಹೇಗೆ ಸಾಲುತ್ತದೆ?

ದೀಪ ಆರಿಸಿ ನೀಲಿ ಟಾರ್ಚು ಹಾಯಿಸಿ ತೆಗೆದೆ.
ಮುಳ್ಳುಗಳು ಆ ಕ್ಷಣವೇ ಕತ್ತಲಾದವು, ರೇಡಿಯಂ, ಮುದುಕ.
ಅಂಕಿಗಳು ಇನ್ನೂ ಅರೆಗಳಿಗೆ ಉಸಿರು ಹಿಡಿದಿದ್ದವು.
ಓರಗೆಯವರಲ್ಲ.

ಆಮೇಲೆ ಮುಖ. ಹನ್ನೆರಡು, ಎರಡು,
ನಾಲ್ಕು.
ನಾಲ್ಕರ ಕಾಲು
ಅಡ್ಡಗೆರೆ ದಾಟಿದ ಮೇಲೆ ಕೂದಲೆಳೆಯಷ್ಟು ಎಡಕ್ಕೆ,
ತಣ್ಣನೆಯ ನೆಲ ತಾಕಿ ಪಾದ ಮುದುರಿಕೊಂಡಂತೆ.

ಈ ಕಾಲು ನನಗೆ ಗೊತ್ತು.

ನನಗಾಗ ಇಪ್ಪತ್ತೆರಡು. ಚಿಕ್ಕಪ್ಪನ ಅಂಗಡಿಯ ಹಿಂಗೋಣೆ.
ಅಜ್ಜಿಯ ಕಾಟಕ್ಕೆ ಅರ್ಮೇನಿಯನ್ ಅಕ್ಷರ ತಿದ್ದಿ ಪಳಗಿದ ಕೈಗೆ
ಮೂರು ಕೂದಲ ಕುಂಚ ಕೊಟ್ಟಿದ್ದ.
ಹಳತು ಯಾರಿಗೂ ಬೇಕಿರಲಿಲ್ಲ ಆಗ.
ಕಲೆ ಬಿದ್ದ ಮುಖ ಕೆರೆದು, ಬೆಳ್ಳಿ ಬಳಿದು, ಹೊಸದಾಗಿ ಬರೆದಿಟ್ಟರೆ
ಹಬ್ಬದ ಬಟ್ಟೆ ತೊಟ್ಟ ಮಗುವನ್ನು ನೋಡಿದ ಹಾಗೆ ನೋಡುತ್ತಿದ್ದರು,
ಕಾಫಿಗಿರಲಿ ಅಂತ ಚಿಲ್ಲರೆ ಇಟ್ಟು ಹೋಗುತ್ತಿದ್ದರು.
ದಿನಕ್ಕೆ ಆರು ಮುಖ. ಆರರಲ್ಲೂ ಅದೇ ಕಾಲು.
ಚಿಕ್ಕಪ್ಪ ಬೈದ. ತಿದ್ದಿಕೊಳ್ಳಲಿಲ್ಲ,
ಬಾರದೆಯೋ, ಬೇಡವೆಂದೋ, ನೆನಪಿಲ್ಲ.

ಅಂದು ಅದಕ್ಕೆ ಉಪಕಾರ ಅಂತಿದ್ದರು.
ಇವತ್ತಿನ ಹೆಸರನ್ನು ನಾನೇ ಎಷ್ಟೋ ಸಲ ಬರೆದುಕೊಟ್ಟಿದ್ದೇನೆ,
ಬೇರೆಯವರ ಕೈಕೆಲಸಕ್ಕೆ, ಕೈ ನಡುಗದೆ.

'ತೊಂದರೆಯೇ?' ಎಂದಳು ನೆಲಿದಾ.
'ನನ್ನ ಮದುವೆಯ ಹಿಂದಿನ ವಾರ
ಅಪ್ಪ ಇದನ್ನು ಹೊಸದು ಮಾಡಿಸಿ ತಂದಿದ್ದ.
ಊಟದ ಮೇಜಿನ ಸುತ್ತ ಒಬ್ಬೊಬ್ಬರಿಗೂ ತೋರಿಸಿದ,
ನನ್ನನ್ನು ಯಾರೂ ನೋಡಲಿಲ್ಲ ಆ ರಾತ್ರಿ.
ಯಾರೋ ಅರ್ಮೇನಿಯದ ಹುಡುಗ ಬರೆದನಂತೆ.'

ನಾನು ತಲೆ ಎತ್ತಲಿಲ್ಲ.

ಯಂತ್ರ: ಅಸಲಿ. ಕವಚ: ಅಸಲಿ.
ಮುಳ್ಳು: ಅಸಲಿ. ಮೇಲಿನ ಗುಂಡಿ: ಬದಲಿ.
ಮುಖ:
ಪೆನ್ನು ನಿಂತಿತು. ಕೆಳಗೆ ಬಸ್ಸೊಂದು ಹಾರ್ನ್ ಹೊಡೆದು
ಹೊಡೆದು ಸುಮ್ಮನಾಯಿತು.
ಮುಖ: ಮೂಲದ್ದಲ್ಲ. ಸಾವಿರದೊಂಬೈನೂರ ಎಪ್ಪತ್ತೊಂದರಲ್ಲಿ
ಇದೇ ಬೀದಿಯಲ್ಲಿ ಓನಿಕ್ ಸೆಮೆರ್ಜಿಯಾನ್ ಬರೆದದ್ದು.
ಸಂದೇಹವಿಲ್ಲ.

ರುಜು ಹಾಕಿದೆ. ತಾರೀಖು ಹಾಕಿದೆ, ಜೂನ್ ಹದಿನಾಲ್ಕು.

ಆಕೆ ಓದಿದಳು. ತಾರೀಖಿನ ಮೇಲೆ ಕಣ್ಣು ನಿಂತಿತು,
ಗಡಿಯಾರಕ್ಕೆ ಹೋಯಿತು, ಮತ್ತೆ ಕಾಗದಕ್ಕೆ.
ಬೆಲೆಯ ಮಾತು ಎತ್ತಲಿಲ್ಲ ಇಬ್ಬರೂ.
ಹೆಬ್ಬೆರಳಿಂದ ಗುಂಡಿ ಒತ್ತಿದಳು,
ಉದ್ದ ಮುಳ್ಳು ಹೊರಟಿತು,
ಕರ್ಚೀಫಿನೊಳಗೆ ಕಟ್ಟುವಾಗಲೂ ಓಡುತ್ತಲೇ ಇತ್ತು.

ಬಾಗಿಲವರೆಗೆ ಹೋದೆ.
'ನಿಧಾನ,' ಎಂದೆ, 'ಮೂರನೇ ಮೆಟ್ಟಿಲು ಸ್ವಲ್ಪ ಸವೆದಿದೆ.'